ದೋಹಾದಲ್ಲಿ ಇಲ್ಲದಿದ್ದವರು

ಕಾಬೂಲ್ ಬಿದ್ದದ್ದು 2021ರ ಆಗಸ್ಟ್ 15ರಂದು ಎಂದು ಎಲ್ಲರೂ ಬರೆದರು. ವಿಮಾನಕ್ಕೆ ಜೋತುಬಿದ್ದವರ ದೃಶ್ಯವನ್ನು ನಮ್ಮ ಚಾನೆಲ್‌ಗಳು ದಿನವಿಡೀ ತೋರಿಸಿದವು. ನಮ್ಮ ಪ್ರಕಾರ ಅದು ಬಿದ್ದದ್ದು 2020ರ ಫೆಬ್ರುವರಿ 29ಕ್ಕೇ, ದೋಹಾದಲ್ಲಿ. ಅಮೆರಿಕ ಅಲ್ಲಿ ಸಹಿ ಹಾಕಿದ್ದು ತಾಲಿಬಾನ್ ಜೊತೆ. ಹದಿನೆಂಟು ವರ್ಷ ಜೊತೆಗಿದ್ದ ಆಫ್ಘನ್ ಸರ್ಕಾರ ಆ ಒಪ್ಪಂದದಲ್ಲಿ ಇರಲೇ ಇಲ್ಲ. ಆದರೂ ಅದರ ಜೈಲಿನಲ್ಲಿದ್ದ 5,000 ಕೈದಿಗಳವರೆಗೆ ಬಿಡುಗಡೆಯ ಮಾತು ಅದೇ ಕಾಗದದಲ್ಲಿತ್ತು! (ಓದಿ ನೋಡಿ, ಪುಟಗಳು ಬಹಳ ಇಲ್ಲ. ತಾಲಿಬಾನನ್ನು ‘ಇಸ್ಲಾಮಿಕ್ ಎಮಿರೇಟ್’ ಎಂದು ಕರೆದು, ಅದನ್ನು ದೇಶವೆಂದು ಒಪ್ಪಿಲ್ಲ ಎಂದು ಪದೇ ಪದೇ ಸೇರಿಸಿದ್ದಾರೆ.) ಟ್ರಂಪ್ ಮಾಡಿಸಿದ ಒಪ್ಪಂದ, ಬೈಡನ್ ಮುಗಿಸಿದ ವಾಪಸಾತಿ. ಸೇನೆ ಒಂದು ದಿನ ಹೊರಡಲೇಬೇಕಿತ್ತು, ಅದಕ್ಕೆ ನಮ್ಮ ತಕರಾರಿಲ್ಲ. ಮಿತ್ರನನ್ನು ಹೊರಗೆ ನಿಲ್ಲಿಸಿ ಅವನ ಮನೆಯ ಮಾತನ್ನು ಅವನ ಶತ್ರುವಿನ ಜೊತೆ ಮುಗಿಸಿದ್ದಕ್ಕಿದೆ.