‘ಮನೇಲೇ ಇರ್ತಾರೆ’ ಅನ್ನೋ ಉತ್ತರ

‘ಅಪ್ಪ ಏನ್ ಮಾಡ್ತಾರೆ?’
‘ಗುಮಾಸ್ತರು ಸರ್.’
‘ಅಮ್ಮ?’
‘ಏನೂ ಇಲ್ಲ ಸರ್, ಮನೇಲೇ ಇರ್ತಾರೆ.’

ಪ್ರೈಮರಿ ಶಾಲೆಯಿಂದ ಡಿಗ್ರಿ ಹಾಸ್ಟೆಲ್‌ವರೆಗೆ ಈ ಉತ್ತರವನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಒಮ್ಮೆಯೂ ನಾಲಿಗೆ ತಡವರಿಸಲಿಲ್ಲ. ನೀವೂ ಕೊಟ್ಟಿರುತ್ತೀರಿ. ಅದೇ ಉತ್ತರವನ್ನು ನನ್ನ ಬಗ್ಗೆ ನಾನೇ ಹೇಳಿಕೊಳ್ಳುವ ದಿನ ಬಂದಾಗ ಅದರಲ್ಲೊಂದು ಮುಳ್ಳಿದೆ ಅನ್ನೋದು ಗೊತ್ತಾಯಿತು.

2020ರ ಮಾರ್ಚ್‌ನಲ್ಲಿ ನಾನು ಮೈಸೂರಿನಲ್ಲಿ ಬಿ.ಕಾಂ. ಕೊನೆಯ ಸೆಮಿಸ್ಟರ್ ಓದುತ್ತಿದ್ದೆ. ಕಾಲೇಜು ಮುಚ್ಚಿತು, ಹಾಸ್ಟೆಲ್ ಖಾಲಿ ಮಾಡಿ ಅಂದರು. ಹತ್ತು ದಿನದ ರಜೆ ಇರಬಹುದು ಅಂದುಕೊಂಡು ಎರಡು ಜೊತೆ ಬಟ್ಟೆ ತುರುಕಿಕೊಂಡು ಅರಸೀಕೆರೆಗೆ ಬಂದೆ. ಮಾರ್ಚ್ 24ರ ರಾತ್ರಿ 21 ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ಅಷ್ಟರಲ್ಲಿ ಬೆಂಗಳೂರಿನಿಂದ ಅಣ್ಣ ಲ್ಯಾಪ್‌ಟಾಪ್ ಹೊತ್ತು ಬಂದಿದ್ದ. ಅಪ್ಪನ ಆಫೀಸೂ ಬಂದ್.

ಮೊದಲ ವಾರ ಮನೆಯಲ್ಲಿ ಹಬ್ಬ. ಟಿ.ವಿ.ಯಲ್ಲಿ ಹಳೇ ರಾಮಾಯಣ, ಮೊಬೈಲಿನಲ್ಲಿ ಲೂಡೊ, ಸಂಜೆಗೆ ಬಜ್ಜಿ. ಎರಡನೇ ವಾರದ ಹೊತ್ತಿಗೆ ನಮಗೆಲ್ಲ ಬೇಜಾರು ಶುರುವಾಯಿತು. ಮಾಡಲು ಕೆಲಸವಿಲ್ಲದವನಿಗೆ ಸುತ್ತ ನೋಡುವುದೇ ಕೆಲಸ. ಹಾಗೆ ನೋಡುವಾಗ, ಆ ಮನೆಯಲ್ಲಿ ಬೇಜಾರಾಗುವುದಕ್ಕೂ ಪುರುಸೊತ್ತಿಲ್ಲದವರು ಒಬ್ಬರಿದ್ದಾರೆ ಅನ್ನೋದು ಕಣ್ಣಿಗೆ ಬಿತ್ತು.

ನಮ್ಮ ಬೀದಿಗೆ ಬೆಳಗಿನ ಜಾವ ನಲ್ಲಿ ನೀರು ಬರುತ್ತದೆ. ಅಮ್ಮ ಏಳುವುದು ಆಗ. ನೀರು ಹಿಡಿದು, ಬಾಗಿಲಿಗೆ ರಂಗೋಲಿ ಹಾಕಿ ಒಳಗೆ ಬಂದರೆ ತಿಂಡಿ. ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ಏಳುತ್ತಿದ್ದುದರಿಂದ ಒಲೆ ಆರುವುದೇ ಹತ್ತೂವರೆಗೆ. ಅಷ್ಟರಲ್ಲಿ ಅಪ್ಪನಿಗೆ ಎರಡನೇ ಕಾಫಿ. ದೋಸೆ ದಿನ ನಾವು ಮೂವರು ಬಿಸಿಬಿಸಿ ತಿಂದೆದ್ದ ಮೇಲೆ ಅವಳು ಅಡುಗೆಮನೆಯಲ್ಲೇ ನಿಂತು ತಣ್ಣಗಾದ ಎರಡು ದೋಸೆ ತಿನ್ನುತ್ತಿದ್ದಳು. ಕೊರೊನಾ ಭಯಕ್ಕೆ ತರಕಾರಿಯನ್ನು ಉಪ್ಪು ನೀರಿನಲ್ಲಿ ನೆನೆಸುವುದು, ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ತೊಳೆಯುವುದು ಬೇರೆ ಸೇರಿಕೊಂಡವು.

ಒಮ್ಮೆ ಅಣ್ಣ ರೂಮಿನಿಂದಲೇ ಕೂಗಿದ: ‘ಅಮ್ಮಾ, ಮಿಕ್ಸಿ ನಿಲ್ಸು, ಮೀಟಿಂಗ್ ನಡೀತಿದೆ!’ ಅಮ್ಮ ನಿಲ್ಲಿಸಿದಳು. ಮಾರನೇ ದಿನದಿಂದ ಆರು ಗಂಟೆಗೇ ಚಟ್ನಿ, ಸಾಂಬಾರಿನ ಮಸಾಲೆ ಎರಡನ್ನೂ ರುಬ್ಬಿಡತೊಡಗಿದಳು. ಅಣ್ಣನದು ಕೆಲಸ, ಅವಳದು ಸದ್ದು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಒಪ್ಪಿಕೊಂಡಿದ್ದೆವು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಅವಳ ಮಧ್ಯಾಹ್ನ. ನಾವ್ಯಾರೂ ಇಲ್ಲದ ದಿನಗಳಲ್ಲಿ ಎರಡರಿಂದ ನಾಲ್ಕು ಗಂಟೆ ಅವಳದೇ ಸಮಯವಾಗಿತ್ತಂತೆ. ಸ್ವಲ್ಪ ನಿದ್ದೆ, ಒಂದು ಧಾರಾವಾಹಿ, ಪಕ್ಕದ ಮನೆಯ ಆಂಟಿ ಜೊತೆ ಮೆಟ್ಟಿಲ ಮೇಲೆ ಕೂತು ಹೂ ಕಟ್ಟುತ್ತಾ ನಾಲ್ಕು ಮಾತು. ಲಾಕ್‌ಡೌನ್ ನಮ್ಮ ಸ್ವಾತಂತ್ರ್ಯ ಕಿತ್ತುಕೊಂಡಿತು ಅಂತ ನಾವು ಸ್ಟೇಟಸ್ ಹಾಕಿಕೊಂಡು ಗೋಳಾಡಿದೆವು. ಅವಳ ಎರಡು ಗಂಟೆಯನ್ನು ಕಿತ್ತುಕೊಂಡವರು ನಾವೇ ಅಂತ ಹೊಳೆಯಲೇ ಇಲ್ಲ.

ಆ ದಿನಗಳಲ್ಲಿ ಎಲ್ಲೆಲ್ಲೂ ಅಮ್ಮಂದಿರ ಗುಣಗಾನ. ‘ರಜೆಯಿಲ್ಲದ, ಸಂಬಳವಿಲ್ಲದ ಯೋಧೆ’ ಅಂತ ನಾನೂ ಒಂದು ಪೋಸ್ಟ್ ಹಾಕಿದ್ದೆ, ಲೈಕ್ ಚೆನ್ನಾಗಿ ಬಂದವು. ಗಂಡಸರೂ ಅಡುಗೆಮನೆಗೆ ಕಾಲಿಟ್ಟರು. ನಾನು ಡಲ್ಗೋನಾ ಕಾಫಿ ಮಾಡಿದೆ, ಅಪ್ಪ ಕ್ಯಾರೆಟ್ ಹಲ್ವಾ ಮಾಡಿದರು. ಫೋಟೊ ತೆಗೆದು ಗ್ರೂಪಿಗೆ ಕಳಿಸಿದ್ದೂ ಆಯಿತು. ಆದರೆ ಕ್ಯಾರೆಟ್ ತುರಿದುಕೊಟ್ಟದ್ದು, ತಳ ಹಿಡಿದ ಬಾಣಲೆ ಉಜ್ಜಿದ್ದು ಮಾತ್ರ ಅಮ್ಮ. ಇನ್ನು ಎಲ್ಲ ಮನೆಗಳಲ್ಲೂ ಇಷ್ಟಾದರೂ ಆಯಿತು ಎನ್ನುವ ಹಾಗಿಲ್ಲ. ಲಾಕ್‌ಡೌನ್ ವೇಳೆ ಕೌಟುಂಬಿಕ ದೌರ್ಜನ್ಯದ ದೂರುಗಳು ಹೆಚ್ಚಿದವು ಎಂದು ರಾಷ್ಟ್ರೀಯ ಮಹಿಳಾ ಆಯೋಗವೇ ಹೇಳಿದೆ.

ಅಣ್ಣನ ಆಫೀಸ್ ಮತ್ತೆ ಶುರುವಾಯಿತು, ಅಪ್ಪ ಟಿಫನ್ ಕ್ಯಾರಿಯರ್ ಹಿಡಿದು ಹೊರಟರು. ನಾನು ಪರೀಕ್ಷೆ ಮುಗಿಸಿಕೊಂಡು ಮನೆಗೇ ಬಂದೆ. ಕ್ಯಾಂಪಸ್ ಸಂದರ್ಶನದಲ್ಲಿ ಆಯ್ಕೆ ಮಾಡಿಕೊಂಡಿದ್ದ ಕಂಪನಿ ‘ಸದ್ಯಕ್ಕೆ ಆಗುವುದಿಲ್ಲ’ ಅಂದಿತ್ತು. ಒಂದು ಮದುವೆಮನೆಯಲ್ಲಿ ಸಂಬಂಧಿಕರೊಬ್ಬರು ಕೇಳಿದರು: ‘ಈಗೇನ್ ಮಾಡ್ತಿದ್ದೀಯಪ್ಪಾ?’

‘ಏನಿಲ್ಲ ಮಾವ, ಮನೇಲೇ ಇದ್ದೀನಿ.’

ಹೇಳುವಾಗ ತಲೆ ತಗ್ಗಿತು. ಪಕ್ಕದಲ್ಲಿ ಅಮ್ಮ ಇದ್ದಳು. ಕೆಲವೇ ತಿಂಗಳಿಗೆ ನನ್ನನ್ನು ಇಷ್ಟು ಕುಗ್ಗಿಸಿದ ಮಾತನ್ನು ಅವಳು ಇಪ್ಪತ್ತೈದು ವರ್ಷಗಳಿಂದ ಕೇಳಿಸಿಕೊಂಡಿದ್ದಾಳೆ, ಅದೂ ನನ್ನ ಬಾಯಿಂದಲೇ. ನಾನಾದರೆ ನಿಜವಾಗಿಯೂ ಸುಮ್ಮನಿದ್ದೆ, ಅವಳು ಒಂದು ದಿನವೂ ಸುಮ್ಮನಿರಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆ ಸಮೀಕ್ಷೆಯ ವರದಿ 2020ರಲ್ಲಿ ಹೊರಬಂತು. ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ, ಅಂದರೆ ಹತ್ತಿರ ಹತ್ತಿರ ಐದು ಗಂಟೆ ಕೊಡುತ್ತಿದ್ದರು. ಗಂಡಸರು ಕೊಡುತ್ತಿದ್ದುದು 97 ನಿಮಿಷ. ಅದೂ ಈ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ. ಅಂಥವರು ಇದ್ದದ್ದು ನೂರಕ್ಕೆ 26 ಮಂದಿ ಮಾತ್ರ! ಇದು ಲಾಕ್‌ಡೌನ್‌ಗೆ ಮುಂಚಿನ ಮಾತು. ಎಲ್ಲರೂ ಮನೆಯಲ್ಲೇ ಕೂತ ಮೇಲೆ ಆ ಐದು ಗಂಟೆ ಎಷ್ಟಾಗಿರಬಹುದು, ನಿಮ್ಮ ಮನೆಯಲ್ಲೇ ಲೆಕ್ಕ ಹಾಕಿ ನೋಡಿ.

2021ರ ಜನವರಿ 5ರಂದು ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ದುಡಿಮೆಗೂ ಆದಾಯದ ಲೆಕ್ಕ ಹಾಕಬೇಕು ಎಂದಿತು. ಗೃಹಿಣಿಯರು ‘ಕೆಲಸ’ ಮಾಡುವುದಿಲ್ಲ ಎಂಬ ಕಲ್ಪನೆಯೇ ತಪ್ಪು, ಅದು ಹೋಗಬೇಕು ಎಂದು ನ್ಯಾಯಮೂರ್ತಿ ಎನ್.ವಿ. ರಮಣ ಬರೆದರು. 2011ರ ಜನಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಎಂದ ಮಹಿಳೆಯರು ಸುಮಾರು 16 ಕೋಟಿ, ಪುರುಷರು 58 ಲಕ್ಷ ಎಂಬುದನ್ನೂ ಅವರು ನೆನಪಿಸಿದರು. ಸಂತೋಷದ ವಿಷಯವೇ. ಆದರೆ ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟಲು ಅವಳು ಅಪಘಾತದಲ್ಲಿ ಸಾಯುವವರೆಗೆ ಕಾಯಬೇಕೇ? ಅವಳು ಮನೆಯಲ್ಲಿ ಓಡಾಡಿಕೊಂಡಿರುವಾಗಲೇ ಮನೆಮಂದಿ ಅದನ್ನು ಒಪ್ಪಿಕೊಳ್ಳಬಾರದೇ?

ಲಾಕ್‌ಡೌನ್ ನಮ್ಮ ಕಣ್ಣು ತೆರೆಸಿತು ಅಂತ ಎಲ್ಲರೂ ಹೇಳುತ್ತೇವೆ. ತೆರೆಸಿದ್ದು ನಿಜ. ಆದರೆ ಬೀಗ ತೆಗೆದ ಕೂಡಲೇ ಹಲವು ಮನೆಗಳಲ್ಲಿ ಆ ಕಣ್ಣು ಮತ್ತೆ ಮುಚ್ಚಿಕೊಂಡಿದೆ. ಊಟದ ತಟ್ಟೆ ಮತ್ತೆ ಮೇಜಿನ ಮೇಲೇ ಉಳಿಯುತ್ತಿದೆ. ಅಮ್ಮ ದೇವರು ಅಂದುಬಿಡುವುದು ನಮಗೆ ಸುಲಭ, ಯಾಕೆಂದರೆ ದೇವರಿಗೆ ಸುಸ್ತಾಗುವುದಿಲ್ಲ ನೋಡಿ. ಅಮ್ಮನಿಗೆ ಸುಸ್ತಾಗುತ್ತದೆ. ಅವಳಿಗೆ ಬೇಕಿರುವುದು ನಮ್ಮ ಪೋಸ್ಟ್ ಅಲ್ಲ, ನಮ್ಮ ಕೈ.

ಕೆಲಸ ಹುಡುಕುತ್ತಿರುವ ಗೆಳೆಯರೇ, ನಮ್ಮ ಬಳಿ ಈಗ ಸಮಯವಂತೂ ಇದೆ. ನಾನು ಎರಡು ಕೆಲಸ ವಹಿಸಿಕೊಂಡಿದ್ದೇನೆ: ಬೆಳಗಿನ ನಲ್ಲಿ ನೀರು, ರಾತ್ರಿಯ ಪಾತ್ರೆ. ಇದು ಸಹಾಯವಲ್ಲ, ನನ್ನ ಪಾಲು. ಮೊದಲ ದಿನ ಅಮ್ಮ, ‘ಬಿಡೋ, ನಿಂಗ್ಯಾಕೆ’ ಅಂದಳು. ಎರಡನೇ ವಾರ, ‘ಬಾಣಲೆ ಹಿಂಬದಿ ಸರಿಯಾಗಿ ಉಜ್ಜೋ’ ಅಂದಳು. ಈ ಕೆಲಸ ಇನ್ನು ನನ್ನದೂ ಹೌದು ಅಂತ ಅವಳು ನಂಬಿದ್ದು ಅವತ್ತೇ ಇರಬೇಕು.

ನಾಳೆ ನನಗೂ ನೌಕರಿ ಸಿಗಬಹುದು, ಆಗ ನೆಪಗಳೂ ಸಿಗುತ್ತವೆ. ಪರೀಕ್ಷೆ ಇರುವುದು ಆಗಲೇ. ಮೊನ್ನೆ ಒಂದು ಸಂದರ್ಶನಕ್ಕೆ ಹೋಗಿದ್ದೆ. ಮನೆಯವರ ಬಗ್ಗೆ ಕೇಳಿದರು. ಅಪ್ಪನದು ಹೇಳಿದೆ. ‘ಮದರ್?’ ಅಂದರು.

‘ಬೆಳಗಿನ ಜಾವದಿಂದ ರಾತ್ರಿ ಹತ್ತರವರೆಗೆ ಕೆಲಸ ಮಾಡ್ತಾರೆ ಸರ್, ನಮ್ಮ ಮನೇಲಿ’ ಅಂದೆ.