ಹೊಸ ಮದ್ದು ಬಂದಿದೆಯಂತೆ! ಕೆಲಸ ಮಾಡುತ್ತದೆಂದು ತಿಳಿಯುವುದು ಹೇಗೆ?

ರಕ್ತದ ಕ್ಯಾನ್ಸರ್‌ಗೆ ದಾನಿಯಿಂದ ಸ್ಟೆಮ್ ಸೆಲ್, ಅಂದರೆ ಕಾಂಡಕೋಶ ಕಸಿ ಮಾಡಿಸಿಕೊಂಡು ಮನೆಗೆ ಮರಳಿದ ಕೆಲವರಿಗೆ ತಿಂಗಳುಗಳ ನಂತರ ಹೊಸ ತೊಂದರೆ ಶುರುವಾಗುತ್ತದೆ. ಕಣ್ಣು ಒಣಗಿ ಉರಿಯುತ್ತದೆ, ಬಾಯಿ ಹುಣ್ಣಾಗಿ ಖಾರ ಮುಟ್ಟಲಾಗುವುದಿಲ್ಲ, ಚರ್ಮ ಬಿಗಿದುಕೊಳ್ಳುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಕ್ಯಾನ್ಸರ್ ಮರಳಿತೇನೋ ಎಂದು ಮನೆಯವರು ಹೆದರುತ್ತಾರೆ. ಅನೇಕ ಸಲ ಅದು ಕ್ಯಾನ್ಸರ್ ಅಲ್ಲ. ದೀರ್ಘಕಾಲದ ಗ್ರಾಫ್ಟ್ ವರ್ಸಸ್ ಹೋಸ್ಟ್ ಕಾಯಿಲೆ, ಚಿಕ್ಕದಾಗಿ ಜಿವಿಎಚ್‌ಡಿ.

ದಾನಿಯಿಂದ ಬಂದ ರೋಗನಿರೋಧಕ ಕೋಶಗಳು ರೋಗಿಯ ದೇಹವನ್ನೇ ಪರಕೀಯವೆಂದು ಬಗೆದು ದಾಳಿ ಮಾಡುವುದರಿಂದ ಇದು ಬರುತ್ತದೆ. ಮೊದಲ ಚಿಕಿತ್ಸೆ ಸ್ಟೀರಾಯ್ಡ್. ಆದರೆ ಸುಮಾರು ಅರ್ಧದಷ್ಟು ರೋಗಿಗಳಿಗೆ ಅದೊಂದೇ ಸಾಲುವುದಿಲ್ಲ. ಬಹುಕಾಲ ತೆಗೆದುಕೊಂಡರೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಸೋಂಕು ಬೆನ್ನು ಹತ್ತುತ್ತವೆ. ಹಾಗಾಗಿ ಹೊಸ ಮದ್ದು ಬಂದಿದೆ ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಕಂಡರೆ ಮನೆಮಂದಿಗೆಲ್ಲ ಆಸೆ ಚಿಗುರುವುದು ಸಹಜ.

ಗದ್ದೆಯಲ್ಲಿ ಗೊತ್ತಿರುವ ಪಾಠ

ಮದ್ದೂರು ತಾಲ್ಲೂಕಿನ ಭಾರತೀನಗರ, ಅಂದರೆ ಕೆ.ಎಂ. ದೊಡ್ಡಿಯ ಸುತ್ತ ಕಬ್ಬು ಬೆಳೆಯುವವರಿಗೆ ಒಂದು ವಿಷಯ ಹೇಳಿಕೊಡಬೇಕಿಲ್ಲ. ಹೊಸ ಗೊಬ್ಬರ ಹಾಕಿದ ವರ್ಷ ಬೆಳೆ ಚೆನ್ನಾಗಿ ಬಂದರೆ ಅದು ಗೊಬ್ಬರದ್ದೇ ಗುಣ ಎನ್ನಲಾಗದು. ಆ ವರ್ಷ ನಾಲೆಯಲ್ಲಿ ನೀರು ಚೆನ್ನಾಗಿ ಬಂದಿದ್ದಿರಬಹುದು. ಪಕ್ಕದ ತಾಕಿಗೆ ಹಳೆಯ ಗೊಬ್ಬರವನ್ನೇ ಹಾಕಿ ಎರಡನ್ನೂ ತೂಗಿ ನೋಡಿದರೆ ಮಾತ್ರ ಸತ್ಯ ತಿಳಿಯುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಹೊಸ ತಳಿಗಳನ್ನು ಪರೀಕ್ಷಿಸುವುದೂ ಹಳೆಯ ತಳಿಯ ಪಕ್ಕದಲ್ಲಿಟ್ಟೇ.

ಜಿವಿಎಚ್‌ಡಿಗೆ ಈ ಹೋಲಿಕೆ ಇನ್ನೂ ಮುಖ್ಯ. ಈ ಕಾಯಿಲೆ ಏರುತ್ತದೆ, ಇಳಿಯುತ್ತದೆ, ಕೆಲವೊಮ್ಮೆ ತಾನೇ ತಣ್ಣಗಾಗುತ್ತದೆ. ಇಳಿಯುವ ಹೊತ್ತಿಗೆ ಕೊಟ್ಟ ಯಾವ ಮಾತ್ರೆಗಾದರೂ ಹೆಸರು ಬಂದುಬಿಡಬಹುದು.

ಆಸೆ ಮತ್ತು ಲೆಕ್ಕ

ಇಬ್ರುಟಿನಿಬ್ ಎಂಬ ಮಾತ್ರೆಯನ್ನೇ ನೋಡೋಣ. ಸ್ಟೀರಾಯ್ಡ್ ಕೈಕೊಟ್ಟ 42 ರೋಗಿಗಳ ಪ್ರಯೋಗದಲ್ಲಿ ಮೂವರಲ್ಲಿ ಇಬ್ಬರಿಗೆ ಗುಣ ಕಂಡಿತು. 2017ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆ ಪ್ರಯೋಗದಲ್ಲಿ ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಮುಂದೆ ಇದೇ ಮಾತ್ರೆಯನ್ನು ಮೊದಲ ಚಿಕಿತ್ಸೆಯಾಗಿಯೇ ಸ್ಟೀರಾಯ್ಡ್ ಜೊತೆ ಕೊಟ್ಟು, ಇನ್ನೊಂದು ಗುಂಪಿಗೆ ಸ್ಟೀರಾಯ್ಡ್ ಜೊತೆ ಹುಸಿಮಾತ್ರೆ ಕೊಟ್ಟು ನೋಡಿದರು. 48 ವಾರಗಳ ನಂತರ ಗುಣ ಕಂಡವರು ಶೇ. 41 ಮತ್ತು ಶೇ. 37. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ನಮ್ಮ ಬೆಂಗಳೂರಿಗೂ ಇಂಥದೊಂದು ಅನುಭವವಿದೆ. ಬಯೋಕಾನ್ ಸಂಸ್ಥೆಯ ಇಟೋಲಿಝುಮ್ಯಾಬ್ ಚುಚ್ಚುಮದ್ದು 2013ರಲ್ಲಿ ಸೋರಿಯಾಸಿಸ್‌ಗೆಂದು ಭಾರತದ ಮಾರುಕಟ್ಟೆಗೆ ಬಂತು. ಕಸಿಯಾದ ಹೊಸತರಲ್ಲಿ ಕಾಣಿಸಿಕೊಳ್ಳುವ ತೀವ್ರ ಜಿವಿಎಚ್‌ಡಿಗೆ ಅದನ್ನು ಅಮೆರಿಕದ ಇಕ್ವಿಲಿಯಂ ಕಂಪನಿ ಪರೀಕ್ಷಿಸಿತು. ಮೊದಲ ಸಣ್ಣ ಪ್ರಯೋಗ ಭರವಸೆ ಮೂಡಿಸಿತು. ಆದರೆ ಹುಸಿಮದ್ದಿನೊಂದಿಗೆ ಹೋಲಿಸಿದ ಮೂರನೇ ಹಂತದ ಪ್ರಯೋಗ ತನ್ನ ಮುಖ್ಯ ಗುರಿ ಮುಟ್ಟಲಿಲ್ಲವೆಂದು 2025ರಲ್ಲಿ ತಿಳಿಯಿತು.

ಹಾಗೆಂದು ಎಲ್ಲವೂ ನಿರಾಸೆಯಲ್ಲ. ರುಕ್ಸೊಲಿಟಿನಿಬ್ ಮಾತ್ರೆಯನ್ನು ಸ್ಟೀರಾಯ್ಡ್ ಸಾಲದಾದ 329 ರೋಗಿಗಳಲ್ಲಿ, ಆಗ ಲಭ್ಯವಿದ್ದ ಇತರ ಚಿಕಿತ್ಸೆಗಳೊಂದಿಗೆ ಹೋಲಿಸಿ ನೋಡಿದರು. 24 ವಾರಗಳಲ್ಲಿ ಸುಮಾರು ಶೇ. 50 ಜನರಿಗೆ ಗುಣ ಕಂಡರೆ, ಇನ್ನೊಂದು ಗುಂಪಿನಲ್ಲಿ ಕಂಡದ್ದು ಸುಮಾರು ಶೇ. 26. ಇದು ನಂಬಬಹುದಾದ ಅಂತರ.

ಹೆಚ್ಚು ಡೋಸ್ ಎಂದರೆ ಹೆಚ್ಚು ಗುಣ ಎಂಬ ನಂಬಿಕೆಯೂ ಇಲ್ಲಿ ಬಿದ್ದುಹೋಗಿದೆ. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆಕ್ಸಾಟಿಲಿಮ್ಯಾಬ್ ಅನ್ನು ಮೂರು ಪ್ರಮಾಣಗಳಲ್ಲಿ ಪರೀಕ್ಷಿಸಿದಾಗ, ಅತಿ ಕಡಿಮೆ ಪ್ರಮಾಣ ಪಡೆದವರಲ್ಲಿ ಶೇ. 74, ಅತಿ ಹೆಚ್ಚು ಪಡೆದವರಲ್ಲಿ ಶೇ. 50 ಜನರಿಗೆ ಗುಣ ಕಂಡಿತು.

ಪ್ರಯೋಗಕ್ಕೆ ಸೇರಬೇಕೇ?

ಪ್ರಯೋಗಕ್ಕೆ ಸೇರಿದರೆ ಗಿನಿಪಿಗ್ ಮಾಡುತ್ತಾರೆ, ಹುಸಿಮಾತ್ರೆ ಕೊಟ್ಟು ಸಾಯಲು ಬಿಡುತ್ತಾರೆ ಎಂಬ ಭಯ ನಮ್ಮಲ್ಲಿದೆ. ಮೇಲಿನ ಪ್ರಯೋಗಗಳಲ್ಲಿ ಹೋಲಿಕೆ ಗುಂಪಿನವರನ್ನು ಬರಿಗೈಲಿ ಬಿಡಲಿಲ್ಲ ಎಂಬುದನ್ನು ಗಮನಿಸಿ. ಅವರಿಗೂ ರೂಢಿಯ ಚಿಕಿತ್ಸೆ ಸಿಕ್ಕಿತು. ಹೊಸ ಮದ್ದು ಸೋತ ಕಡೆ ಅವರು ಕಳೆದುಕೊಂಡದ್ದು ಹೆಚ್ಚೇನಿಲ್ಲ.

ಭಾರತದಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ರೋಗಿ ಯಾವಾಗ ಬೇಕಾದರೂ ಹೊರಬರಬಹುದು. 2007ರಲ್ಲಿ ಶುರುವಾದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಜಾಲತಾಣದಲ್ಲಿ ಪ್ರಯೋಗದ ನೋಂದಣಿಯನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

ಸಹಿ ಹಾಕುವ ಮುನ್ನ ಇಷ್ಟು ಕೇಳಿ: ನೋಂದಣಿ ಸಂಖ್ಯೆ ಎಷ್ಟು? ಯಾವುದರೊಂದಿಗೆ ಹೋಲಿಸುತ್ತಿದ್ದೀರಿ? ಎಷ್ಟು ದಿನಕ್ಕೊಮ್ಮೆ ಬರಬೇಕು, ಓಡಾಟದ ಖರ್ಚು ಯಾರದು? ಆಕ್ಸಾಟಿಲಿಮ್ಯಾಬ್‌ನಂತೆ ಎರಡು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಮದ್ದಾದರೆ, ಭಾರತೀನಗರದಿಂದ ಬೆಂಗಳೂರಿಗೆ ಓಡಾಡುವ ರೋಗಿಗೂ ಜೊತೆಗೆ ಹೋಗುವವರಿಗೂ ಪ್ರತಿ ಸಲ ಒಂದು ದಿನದ ಕೂಲಿ ಹೋಗುತ್ತದೆ. ಇದು ಚಿಲ್ಲರೆ ಪ್ರಶ್ನೆಯಲ್ಲ.

ಇನ್ನು ಯಾರಾದರೂ ಹೊಸ ಮದ್ದಿನ ಸುದ್ದಿ ಕಳಿಸಿದರೆ, ಎಷ್ಟು ಜನಕ್ಕೆ ಗುಣವಾಯಿತು ಎಂದು ಕೇಳುವುದರ ಜೊತೆಗೆ, ಅದನ್ನು ಕೊಡದೆಯೂ ಎಷ್ಟು ಜನಕ್ಕೆ ಗುಣವಾಯಿತು ಎಂದೂ ಕೇಳೋಣ. ವೈದ್ಯರ ಜೊತೆ ಮಾತಾಡದೆ ಸ್ಟೀರಾಯ್ಡ್ ಮಾತ್ರ ಯಾವತ್ತೂ ನಿಲ್ಲಿಸಬೇಡಿ.