ನಡಿಗೆಯ ನೆಮ್ಮದಿ ಯಾರ ಪಾಲು?

ಮನಸ್ಸು ಭಾರವಾದಾಗ ಹೊಲದ ಬದುವಿನ ಮೇಲೋ ಹೊಳೆಯ ದಡದಲ್ಲೋ ಒಂದಷ್ಟು ದೂರ ನಡೆದು ಬಂದರೆ ಹಗುರವಾಗುತ್ತದೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುವೆಂಪು ಅವರು ನಡೆದಾಡಿದುದನ್ನು ಬಲ್ಲ ನಾಡು ಇದು. ಈಗ ಅದೇ ಮಾತನ್ನು ವಿಜ್ಞಾನವೂ ಅಳತೆಗೋಲು ಹಿಡಿದು ಹೇಳುತ್ತಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಸರ್ಗದ ನಡುವೆ 90 ನಿಮಿಷ ನಡೆದವರು ಕಹಿ ಚಿಂತೆಯನ್ನೇ ಮತ್ತೆ ಮತ್ತೆ ಮೆಲುಕುಹಾಕುವುದು ಕಡಮೆಯಾಯಿತು. ವಾಹನಗಳ ದಟ್ಟಣೆಯ ಹಾದಿಯಲ್ಲಿ ಅಷ್ಟೇ ಹೊತ್ತು ನಡೆದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಹಸುರಿನ ನಡುವೆ ಮನಸ್ಸು ಕಾವಲು ಕಾಯಬೇಕಾಗಿಲ್ಲ. ಆದುದರಿಂದಲೇ ಅದು ದಣಿವಾರಿಸಿಕೊಳ್ಳುತ್ತದೆ ಎಂಬುದು ಇದಕ್ಕೆ ಮನಶ್ಶಾಸ್ತ್ರಜ್ಞರು ಕೊಡುವ ಒಂದು ವಿವರಣೆ.

ಈ ದೃಷ್ಟಿಯಿಂದ ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳು ಭಾಗ್ಯಶಾಲಿಗಳೇ ಸರಿ. ಕೃಷ್ಣರಾಜನಗರದವರಿಗೆ ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿಯುಂಟು, ಹುಣಸೂರಿನವರಿಗೆ ಲಕ್ಷ್ಮಣತೀರ್ಥ, ಪಿರಿಯಾಪಟ್ಟಣದವರಿಗೆ ಬೆಟ್ಟದಪುರದ ಬೆಟ್ಟ, ಹೆಗ್ಗಡದೇವನಕೋಟೆಯವರಿಗೆ ಕಪಿಲೆಯ ಜೊತೆಗೆ ನಾಗರಹೊಳೆಯ ಕಾಡು. ನೆಲೆ ಕಳೆದುಕೊಂಡು ಬಂದ ಟಿಬೆಟಿನ ಜನ 1961ರಲ್ಲಿ ನೆಲೆನಿಂತ ಬೈಲಕುಪ್ಪೆಯಲ್ಲಿ ಇಂದಿಗೂ ವೃದ್ಧರು ಜಪಮಣಿ ಹಿಡಿದು ಮಠಕ್ಕೆ ಪ್ರದಕ್ಷಿಣೆ ಬರುತ್ತಾರೆ. ಅವರಿಗೆ ಅದು ಪೂಜೆ. ನೋಡುವವರಿಗೆ, ನಡಿಗೆಯಲ್ಲಿ ಸಾಂತ್ವನವೂ ಇದೆಯೆಂಬುದಕ್ಕೆ ನಿದರ್ಶನ.

ಆದರೆ ಇದೇ ನೆಲದಲ್ಲಿ ಹಸುರಿಗೆ ಇನ್ನೊಂದು ಮುಖವಿದೆ. 2025ರ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲಿ ಸರಗೂರು, ಹೆಗ್ಗಡದೇವನಕೋಟೆಗಳ ಕಾಡಂಚಿನಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದರು. ಸರ್ಕಾರ ನಾಗರಹೊಳೆ ಮತ್ತು ಬಂಡೀಪುರದ ಸಫಾರಿಯನ್ನು ಆಗ ನಿಲ್ಲಿಸಿತು. ಪ್ರವಾಸಿಗೆ ಅದರಿಂದ ಆದ ನಷ್ಟ ಒಂದು ದಿನದ ವಿಹಾರ. ಹತ್ತಿಯ ಹೊಲಕ್ಕೆ ಹೋಗುವವನಿಗಾದರೋ ಹೆಜ್ಜೆಹೆಜ್ಜೆಗೂ ಹಿಂದಿರುಗಿ ನೋಡುವ ಕಾಲ ಅದು. ಕಾವಲು ಬಿಡಲಾಗದ ಮನಸ್ಸಿಗೆ ಯಾವ ಹಸುರೂ ವಿಶ್ರಾಂತಿ ಕೊಡಲಾರದು. ಒಬ್ಬನಿಗೆ ಔಷಧಿಯಾದ ಹಾದಿಯೇ ಮತ್ತೊಬ್ಬನಿಗೆ ಭಯದ ಹಾದಿಯಾಗಿದೆ.

ಮೂರನೆಯವನೊಬ್ಬನಿದ್ದಾನೆ. ಕಾಡಿನಲ್ಲಿ ನಡೆಯುವುದು ಜೇನುಕುರುಬನಿಗೆ ಹವ್ಯಾಸವಲ್ಲ. ಜೇನು, ಗೆಡ್ಡೆ, ದೇವರ ತಾಣ, ಹಿರಿಯರ ಸಮಾಧಿ ಎಲ್ಲವೂ ಅವನಿಗೆ ಆ ದಾರಿಗಳಲ್ಲೇ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯದ ದಶಕಗಳಲ್ಲಿ ಅನೇಕ ಕುಟುಂಬಗಳು ಕಾಡಿನಿಂದ ಹೊರಬಂದವು. ಕೆಲವು ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ನೆಲೆಯಾದವು. ಅಲ್ಲಿ ಅವರಿಗೆ ಮನೆಯೂ ಭೂಮಿಯೂ ದೊರೆತುವು; ನಡೆದ ದಾರಿಯನ್ನು ಮಾತ್ರ ಯಾವ ಪರಿಹಾರಧನವೂ ತಂದುಕೊಡಲಾರದು. 2006ರ ಅರಣ್ಯ ಹಕ್ಕು ಕಾಯಿದೆ ಈ ಅನ್ಯಾಯವನ್ನು ಒಪ್ಪಿಕೊಂಡಿತು. ಆದರೂ 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ ತಾವಾಗಿಯೇ ಮರಳಿ ಹೋಗಿ ಗುಡಿಸಲು ಕಟ್ಟಲು ತೊಡಗಬೇಕಾಯಿತು. ಹಾಡಿಗಳ ಮದ್ಯವ್ಯಸನವನ್ನೂ ಮಂಕನ್ನೂ ಕುರಿತು ಮರುಗುವವರು, ಕಳೆದುಹೋದ ಈ ನಡಿಗೆಯನ್ನು ಲೆಕ್ಕಕ್ಕೆ ಹಿಡಿದಿರುವರೇ?

ಹುಲಿಯೂ ಬಾಳಬೇಕು, ಕಾಡೂ ಉಳಿಯಬೇಕು, ಇದರಲ್ಲಿ ವಿವಾದವಿಲ್ಲ. ಆದರೆ ನಿಸರ್ಗದಿಂದ ಬರುವ ನೆಮ್ಮದಿ ಹಣ ತೆತ್ತು ಜೀಪು ಏರಬಲ್ಲವರ ಸೊತ್ತಾಗಬಾರದು. ಕಾಡಂಚಿನ ಪಂಪುಸೆಟ್ಟಿಗೆ ಹಗಲಿನಲ್ಲಿ ವಿದ್ಯುತ್ತು ಕೊಟ್ಟರೆ ರೈತ ಇರುಳಿನಲ್ಲಿ ಹೊಲಕ್ಕೆ ಹೋಗುವುದು ತಪ್ಪೀತು. ಅರಣ್ಯ ಹಕ್ಕಿನ ಅರ್ಜಿಗಳನ್ನು ಕಾಲಮಿತಿಯಲ್ಲಿ ಇತ್ಯರ್ಥಪಡಿಸಿದರೆ ಹಾಡಿಯವರು ಕಳ್ಳರಂತೆ ಕಾಡು ಹೊಗಬೇಕಾಗದು. ಪಟ್ಟಣದ ಕೆರೆಯ ಏರಿಯನ್ನು ಕಸದಿಂದ ಕಾಪಾಡಿದರೆ ಶಾಲೆಯ ಮಕ್ಕಳಿಗೆ ನಡೆಯಲು ಎಡೆ ಸಿಕ್ಕೀತು. ಉಪಾಧ್ಯಾಯರು ವಾರಕ್ಕೊಂದು ದಿನ ತರಗತಿಯನ್ನು ಅಲ್ಲಿಗೆ ಕರೆದೊಯ್ಯಲು ಯಾರ ಅನುದಾನಕ್ಕೂ ಕಾಯಬೇಕಾಗಿಲ್ಲ.

ನಡೆದರೆ ಮನಸ್ಸು ಹಗುರವಾಗುತ್ತದೆಂಬ ಮಾತು ನಿಜ. ಭಯವಿಲ್ಲದೆ ನಡೆಯುವ ದಾರಿ ಎಲ್ಲರಿಗೂ ಇದ್ದಾಗಲೇ ಆ ಮಾತು ಎಲ್ಲರ ಪಾಲಿಗೂ ನಿಜವಾದೀತು.